ಜಟೆ ಕತ್ತರಿಸಿದ ಮೇಲೆ



ಧರ್ಮ ಮತ್ತು ಮನಸ್ಸಿನ ಬಗ್ಗೆ ಬಂದ ಬಹು ದೊಡ್ಡ ಪುಸ್ತಕವೊಂದು ಹುಟ್ಟಿದ್ದೂ ಈ ಉಪನ್ಯಾಸದ ಹಾಗೆ ಒಂದು ದತ್ತಿಯಿಂದಲೇ. ಸ್ಕಾಟ್ಲೆಂಡಿನ ನ್ಯಾಯಾಧೀಶ ಆಡಂ ಗಿಫರ್ಡ್ ತಮ್ಮ ಉಯಿಲಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಣ ಬಿಟ್ಟುಹೋಗಿದ್ದರು. ಆ ಹಣದ ಬಲದಲ್ಲಿ 1901 ಮತ್ತು 1902ರಲ್ಲಿ ಎಡಿನ್‌ಬರೋದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಮಾಡಿದ ಉಪನ್ಯಾಸಗಳೇ 'ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್' ಎಂಬ ಪುಸ್ತಕವಾದವು. ನೊಂದ ಆತ್ಮದ ಕುರಿತು ಹೇಳುವಾಗ ಜೇಮ್ಸ್ ಒಬ್ಬ ಫ್ರೆಂಚ್ ಮನುಷ್ಯನ ಪತ್ರವೆಂದು ಹೇಳಿ ಭಯದ ಒಂದು ಚಿತ್ರ ಕೊಡುತ್ತಾರೆ. ಅದು ಅವರದೇ ಅನುಭವ ಎಂದು ಲೋಕಕ್ಕೆ ಗೊತ್ತಾದದ್ದು ಆಮೇಲೆ. ಅಂಥ ವಿದ್ವಾಂಸರಿಗೂ ತುಂಬಿದ ಸಭೆಯಲ್ಲಿ 'ಇದು ನನಗಾದದ್ದು' ಎನ್ನಲು ನಾಲಿಗೆ ಏಳಲಿಲ್ಲ.

ಉತ್ತರ ಕರ್ನಾಟಕದ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವಳು ನಾನು. ತಲೆನೋವು, ನಿದ್ದೆಗೇಡು, ಎದೆ ಡವಡವ ಎಂದು ಬಂದವರಲ್ಲಿ ಎಷ್ಟೋ ಮಂದಿ ನಂಬಿಕೆ ಹುಟ್ಟಿದ ಮೇಲೆ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ ಒಂದೇ ಮಾತು ಹೇಳುತ್ತಿದ್ದರು: "ದೇವ್ರಿಗೆ ತಪ್ಪು ಮಾಡೀನ್ರಿ." ಆ ಮಾತಿನ ಅಡಿಯಲ್ಲಿರುವ ಗಾಯದ ಬಗ್ಗೆ, ಅದು ಮಾಯುವ ಬಗೆಯ ಬಗ್ಗೆ ಇವತ್ತು ಮಾತಾಡಲು ಬಂದಿದ್ದೇನೆ.

ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ. ದೇವರ ಹೆಸರಿನಲ್ಲಿ ಮನುಷ್ಯರು ಮನುಷ್ಯರಿಗೆ ಕಲಿಸಿದ ಭಯ, ಹೊರಿಸಿದ ನಾಚಿಕೆ, ಮಾಡಿದ ಬಲವಂತ, ಹಾಕಿದ ಬಹಿಷ್ಕಾರ ಇವು ಮನಸ್ಸಿನಲ್ಲಿ ಏನು ಉಳಿಸಿ ಹೋಗುತ್ತವೆ ಎಂಬುದಷ್ಟೇ ನನ್ನ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಲೀನ್ ವೈನೆಲ್ 2011ರಲ್ಲಿ ಇದಕ್ಕೆ 'ರಿಲಿಜಿಯಸ್ ಟ್ರಾಮಾ ಸಿಂಡ್ರೋಮ್' ಎಂದು ಹೆಸರಿಟ್ಟರು. ಆ ಹೆಸರು ರೋಗಗಳ ಅಧಿಕೃತ ಪಟ್ಟಿಗಳಲ್ಲಿ ಸೇರಿಲ್ಲ, ಸೇರಲೇಬೇಕೆಂಬ ಹಟ ನನಗೂ ಇಲ್ಲ. ಅವರು ಕಂಡವರಲ್ಲಿ ಬಹುಪಾಲು ಜನ ಕಟ್ಟುನಿಟ್ಟಿನ ಕ್ರೈಸ್ತ ಮನೆಗಳಲ್ಲಿ ಬೆಳೆದು ಹೊರಬಂದವರು. ಅವರದು ಸತ್ತ ಮೇಲಿನ ನರಕದ ಭಯ. ನಮ್ಮವರದು ಬರುವ ಅಮಾವಾಸ್ಯೆಯೊಳಗೆ ಮಗುವಿಗೆ ಏನಾದರೂ ಆದೀತು ಎಂಬ ಭಯ. ಈ ವ್ಯತ್ಯಾಸ ಸಣ್ಣದಲ್ಲ. ನನ್ನ ಧೈರ್ಯಕ್ಕೆ ನಾನೇ ಬೆಲೆ ತೆರುವುದಾದರೆ ಹೇಗೋ ತೆತ್ತೇನು. ಆದರೆ ದೇವಿಯ ಮುನಿಸು ಮಗನ ಮೇಲೆ, ಗರ್ಭಿಣಿ ಸೊಸೆಯ ಮೇಲೆ, ಕೊಟ್ಟಿಗೆಯ ಎಮ್ಮೆಯ ಮೇಲೆ ಬೀಳುತ್ತದೆ ಎಂದು ಕಲಿಸಿಬಿಟ್ಟರೆ? ಆಗ ಮನೆಯವರನ್ನು ಪ್ರೀತಿಸುವುದೇ ಹೆಣ್ಣುಮಕ್ಕಳನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ.

ನಾನು ಹತ್ತಿರದಿಂದ ನೋಡಿದ ಒಂದು ಸಂಗತಿಯನ್ನೇ ಹಿಡಿದು ಮಾತಾಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ, ಗಡಿಯಾಚೆ ಕೊಲ್ಹಾಪುರ, ಸಾಂಗ್ಲಿಗಳಲ್ಲಿ, ಹೆಂಗಸರ ತಲೆಯಲ್ಲಿ ಕೂದಲು ಗಂಟುಕಟ್ಟಿ ಜಟೆಯಾದರೆ ಅದನ್ನು ಯಲ್ಲಮ್ಮ ಕರೆದ ಗುರುತು ಎನ್ನುತ್ತಾರೆ. "ಜಡಿ ಬಂದಾವ" ಎಂದು ಒಬ್ಬರು ಹೇಳಿದರೆ ಸಾಕು, ಬಾಚಣಿಗೆ ನಿಂತಿತು, ಎರಕೊಳ್ಳುವುದು ನಿಂತಿತು. ಮೇಲೆ ಭಂಡಾರ, ಎಣ್ಣೆ, ಕುಂಕುಮ. ಬಾಚದ ಕೂದಲು ಇನ್ನಷ್ಟು ಬಿಗಿಯುತ್ತದೆ. ಆ ಬಿಗಿತವೇ ದೇವಿಯ ಹಟಕ್ಕೆ ಸಾಕ್ಷಿ ಎನಿಸಿಕೊಳ್ಳುತ್ತದೆ. ಹೇನು, ಹುಣ್ಣು, ವಾಸನೆ, ಮಗ್ಗುಲಾಗಿ ಮಲಗಲೂ ಆಗದ ಭಾರ, ಕತ್ತುನೋವು. ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಲು, ಅಂದರೆ ಅವರನ್ನು ದೇವಿಗೆ ಬಿಡಲು, ಇದೊಂದೇ ಕಾರಣ ಸಾಕಾಯಿತು. ಹಾಗೆ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿದೆ. ಆಮೇಲೂ ಸರ್ಕಾರವೇ 1993–94 ಮತ್ತು 2007–08ರಲ್ಲಿ ಮಾಡಿಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು.

ಜಟೆಯನ್ನು ಕತ್ತರಿಸಬಹುದು. ಬೇಕಾದದ್ದು ಕತ್ತರಿ, ಬಿಸಿನೀರು, ಒಂದಿಷ್ಟು ಹೊತ್ತು. ಆದರೂ ಹತ್ತಿಪ್ಪತ್ತು ವರ್ಷ ಅದನ್ನು ಹೊತ್ತವರಿದ್ದಾರೆ. ಕೇಳಿದರೆ ಹೇಳುವ ಕಾರಣ ಒಂದೇ: "ಕತ್ತರಿ ಹಚ್ಚಿದ್ರ ಮನ್ಯಾಗ ಹೆಣ ಬೀಳ್ತದಂತ್ರಿ." ಯಾರು ಹೇಳಿದರು ಎಂದು ಕೇಳಿದರೆ ಅತ್ತೆ, ದೇವಿಗೆ ಬಿಟ್ಟ ಜೋಗತಿ, ಓಣಿಯ ಹಿರಿಯರು, ಕೊನೆಗೆ "ಎಲ್ಲಾರೂ".

ಈ ಭಯದ ಎದುರು ವಾದ ಯಾಕೆ ಸೋಲುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ನನ್ನ ಇವತ್ತಿನ ಮಾತಿನ ಹುರುಳೆಲ್ಲ ಅಲ್ಲಿಯೇ ಇದೆ. ಇದು ಎಣ್ಣೆ ನೀರು ಕಾಣದ ಕೂದಲು ಎಂದು ವೈದ್ಯರು ಹೇಳುತ್ತಾರೆ. ಆಕೆ ತಲೆಯಾಡಿಸುತ್ತಾಳೆ. ಮಾತು ಅರ್ಥವಾಗದೆ ಇರುವುದಿಲ್ಲ. ಆದರೆ ಭಯ ಕೂತಿರುವುದು ಮಾತು ತಲುಪುವ ಜಾಗದಲ್ಲಲ್ಲ. ಚಿಕ್ಕಂದಿನಲ್ಲಿ, ನಡುರಾತ್ರಿಯ ಡೊಳ್ಳು ಚೌಡಿಕೆಯ ಸದ್ದಿನಲ್ಲಿ, ಮೈಮೇಲೆ ಬಂದವರ ಕೆಂಗಣ್ಣಿನಲ್ಲಿ, ಅವ್ವನ ನಡುಗುವ ಕೈಯಲ್ಲಿ ಅದು ಮೈಗೆ ಇಳಿದದ್ದು. ಕತ್ತರಿ ಕಂಡರೆ ಅಂಗೈ ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ. ದೂರ ಸರಿದರೆ ಆ ಬಡಿತ ಇಳಿಯುತ್ತದೆ. ಸರಿದದ್ದಕ್ಕೇ ಅನಾಹುತ ತಪ್ಪಿತು ಎಂದು ಮನಸ್ಸು ಬರೆದುಕೊಳ್ಳುತ್ತದೆ. ಪರೀಕ್ಷೆ ನಡೆಯದೆ ಫಲಿತಾಂಶ ಮಾತ್ರ ದಾಖಲಾಗುತ್ತ ಹೋಗುತ್ತದೆ. ಇಪ್ಪತ್ತು ವರ್ಷ ಹೀಗೆ ಸಾಗಿದರೆ ಆ ದಾಖಲೆಯ ಮುಂದೆ ನನ್ನ ಐದು ನಿಮಿಷದ ವಿಜ್ಞಾನ ಎಲ್ಲಿ ನಿಂತೀತು?

ಹಾಗಾಗಿ ಕತ್ತರಿಸಿದ ದಿನ ಚಿಕಿತ್ಸೆ ಮುಗಿಯಿತು ಎಂದುಕೊಂಡವರು ಕೆಲಸವನ್ನು ನಡುವೆಯೇ ಬಿಟ್ಟಂತೆ. ಅಂದು ತಲೆ ಹಗುರಾಗುತ್ತದೆ, ಆಕೆ ನಗುತ್ತಾಳೆ, ಫೋಟೊ ತೆಗೆಯುತ್ತಾರೆ. ಕಷ್ಟದ ದಿನಗಳು ಶುರುವಾಗುವುದು ಆಮೇಲೆ. ಮೊಮ್ಮಗನಿಗೆ ಜ್ವರ ಬಂದರೆ ಓಣಿಯ ಕಣ್ಣೆಲ್ಲ ಆಕೆಯ ಕಡೆ. ಆಡು ಸತ್ತರೆ ಆಕೆಯಿಂದ. ಮಳೆ ಹಿಂದೆಮುಂದಾದರೂ ಆಕೆಯಿಂದ. ಆ ಕೆಲವು ವಾರಗಳಲ್ಲಿ ಮನೆಗೆ ಹೋಗಿ, ಕೂತು, ಜ್ವರಕ್ಕೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು, "ನಾ ಅದೀನಿ" ಎನ್ನುವ ಒಬ್ಬರು ಬೇಕು. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಈ ಕೆಲಸದಲ್ಲಿ ತೋರಿದ ತಾಳ್ಮೆಯನ್ನು ನಾನು ಗೌರವದಿಂದ ನೆನೆಯುತ್ತೇನೆ. ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರ ಸಂಗಾತಿಗಳು ಕತ್ತರಿ ಕೆಳಗಿಡಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಲೂಸಿಂಡಾ ರ‍್ಯಾಂಬರ್ಗ್ ಎಂಬ ಮಾನವಶಾಸ್ತ್ರಜ್ಞೆ ಉತ್ತರ ಕರ್ನಾಟಕದ ಜೋಗತಿಯರ ಜೊತೆ ಇದ್ದು 2014ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಜಟೆಯನ್ನು ಬರೀ ಕೊಳೆ ಎಂದು ನೋಡುವ ಸುಧಾರಕರು ದೇವಿಯೊಂದಿಗೆ ಆ ಹೆಂಗಸರಿಗಿರುವ ನಂಟನ್ನು ಕಾಣಲಾರರು ಎಂಬುದು ಅವರ ಆಕ್ಷೇಪ. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಮಗುವನ್ನು ದೇವಿಗೆ ಬಿಡುವುದನ್ನು ಯಾವ ನಂಟಿನ ಹೆಸರಿನಲ್ಲೂ ಸಮರ್ಥಿಸಲಾರೆ. ಆದರೆ ಒಪ್ಪಿಗೆ ಇಲ್ಲದೆ ಕತ್ತರಿಸಿದ ಜಟೆಯೂ ಬಲವಂತವೇ ಎಂಬುದನ್ನು ಅವರಿಂದ ಗಟ್ಟಿಯಾಗಿ ಕಲಿತೆ. ಮೊದಲು 'ಬಿಡು' ಎಂದು ಎಳೆದರು, ಈಗ 'ಕತ್ತರಿಸು' ಎಂದು ಎಳೆಯುತ್ತಾರೆ. ಎರಡರಲ್ಲೂ ಆಕೆಯನ್ನು ಕೇಳಿದವರಿಲ್ಲ. ಕೇಳಿಸಿಕೊಂಡಾಗಲೇ ಚೇತರಿಕೆ ಶುರು.

ಇನ್ನು ಊರಿನ ಕಣ್ಣಿಗೆ ಬೀಳದ ಗಾಯ. ಓದಿದ, ನೌಕರಿಯಲ್ಲಿರುವ, ಪೇಟೆಯ ಮನೆಗಳಲ್ಲಿ ಇದು ಹೆಚ್ಚು ಕಾಣುತ್ತದೆ. ದೇವರ ಮುಂದೆ ಕೈಮುಗಿದ ಕ್ಷಣದಲ್ಲೇ ತಲೆಯೊಳಗೆ ಹೊಲಸು ಬೈಗುಳ ಏಳುತ್ತದೆ, ಅಥವಾ ಕಾಣಬಾರದ ಚಿತ್ರ ಬರುತ್ತದೆ. ಅದು ಬೇಡವಾದಷ್ಟೂ ಬರುತ್ತದೆ. ಆ ಮನುಷ್ಯ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾನೆ, ಮತ್ತೆ ಸ್ನಾನ, ಮತ್ತೆ ಮಡಿ, ಮಂತ್ರ ತಪ್ಪಿತೆಂದು ಮತ್ತೆ ಮೊದಲಿನಿಂದ. ಪೂಜೆ ಹತ್ತು ಹೊಡೆದರೂ ಮುಗಿಯುವುದಿಲ್ಲ, ಕಚೇರಿ ತಪ್ಪುತ್ತದೆ. ಮನೆಯವರಿಗೆ ಹೆಮ್ಮೆ: ನಮ್ಮ ಹುಡುಗ ಎಷ್ಟು ದೈವಭಕ್ತ! ಒಳಗೆ ಅವನು ಬೇಯುತ್ತಿರುತ್ತಾನೆ. ಇದು ಗೀಳು ಕಾಯಿಲೆಯ ಒಂದು ರೂಪ. ಇಂಗ್ಲೆಂಡಿನ ಧರ್ಮಬೋಧಕ ಜಾನ್ ಬನ್ಯನ್ 1666ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಇದೇ ಸಂಕಟ ಪುಟಪುಟಕ್ಕೂ ಇದೆ. ಇದಕ್ಕೆ ಔಷಧಿ ಇದೆ. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿಕೊಟ್ಟ ಒಂದು ಚಿಕಿತ್ಸಾಕ್ರಮವೂ ಇದೆ: ಹೆದರಿಸುವ ವಿಚಾರದ ಎದುರು ಸ್ವಲ್ಪಸ್ವಲ್ಪವಾಗಿ ನಿಲ್ಲುವುದು, ಆದರೆ ತೊಳೆಯುವ, ಮರಳಿ ಜಪಿಸುವ, ಕ್ಷಮೆ ಕೇಳುವ ಪರಿಹಾರವನ್ನು ಮಾಡದೆ ಇರುವುದು. ಮೊದಮೊದಲು ಪ್ರಾಣವೇ ಹೋದಂತಾಗುತ್ತದೆ. ಆಮೇಲೆ ಭಯ ತಾನಾಗಿ ಇಳಿಯುವುದನ್ನು ಮೈ ಕಲಿಯುತ್ತದೆ.

ಇಲ್ಲಿ ಒಳ್ಳೆಯ ಮನಸ್ಸಿನ ಅರ್ಚಕರಿಂದಲೂ ತೊಂದರೆಯಾಗುವುದುಂಟು. "ಏನೂ ದೋಷವಿಲ್ಲ ಹೋಗಪ್ಪ" ಎಂದು ಒಮ್ಮೆ ಹೇಳಿದರೆ ಅದು ಕರುಣೆ. ಅವನು ದಿನಾ ಬಂದು ಕೇಳಿ, ಇವರು ದಿನಾ ಹೇಳುತ್ತ ಹೋದರೆ ಆ ಸಮಾಧಾನವೇ ಗೀಳಿನ ಇನ್ನೊಂದು ವಿಧಿಯಾಗುತ್ತದೆ. ಮುಂದಿನ ಸಲ ಅವರು ವೈದ್ಯರ ದಾರಿ ತೋರಿಸಬೇಕು.

ಯಲ್ಲಮ್ಮನ ಕಥೆಯನ್ನು ನಾನು ಬೇಡದ ಯೋಚನೆಯ ಈ ಸಂಕಟದ ಬೆಳಕಿನಲ್ಲಿ ಮತ್ತೆಮತ್ತೆ ಯೋಚಿಸಿದ್ದೇನೆ. ಯಲ್ಲಮ್ಮನಾಗುವ ಮೊದಲಿನ ರೇಣುಕೆ ಹಸಿ ಮಣ್ಣಿನ ಕೊಡದಲ್ಲಿ ನೀರು ತರುವಷ್ಟು ಶುದ್ಧಳು. ಹೊಳೆಯಲ್ಲಿ ಜಲಕ್ರೀಡೆ ಆಡುತ್ತಿದ್ದವರನ್ನು ಕಂಡು ಒಂದು ಗಳಿಗೆ ಮನಸ್ಸು ಅತ್ತ ಸರಿಯಿತು; ಕೊಡ ಕರಗಿತು. ಮಾಡಿದ್ದು ಏನೂ ಇಲ್ಲ, ಬಂದದ್ದು ಒಂದು ಯೋಚನೆ. ಅದಕ್ಕೆ ಗಂಡ ಜಮದಗ್ನಿಯ ಶಾಪ, ಮೈತುಂಬ ತೊನ್ನು, ಅಡವಿಯ ಅಲೆದಾಟ, ಕೊನೆಗೆ ಮಗನ ಕೈಯಿಂದಲೇ ತಲೆ ಹೋಗುವುದು. ಆ ಅಲೆದಾಟದ ನಡುವೆ ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ಅವಳ ಮೈ ಗುಣವಾಯಿತೆಂದು ಇವತ್ತಿಗೂ ಜನ ಅಲ್ಲಿ ಮೀಯುತ್ತಾರೆ. ಯೋಚನೆಯೊಂದಕ್ಕಾಗಿ ಶಿಕ್ಷೆ ಉಂಡ, ಮನೆಯಿಂದ ಹೊರದೂಡಿಸಿಕೊಂಡ, ಮತ್ತೆ ಗುಣವಾದ ಹೆಣ್ಣನ್ನು ನಮ್ಮ ಜನ ದೇವಿಯೆಂದು ಗುಡ್ಡದ ಮೇಲೆ ಕೂರಿಸಿದರು. ಅವಳ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹೆದರಿಸುವವರು ಅವಳ ಕಥೆಯನ್ನು ಜಮದಗ್ನಿಯ ಪಕ್ಷದಿಂದ ಹೇಳುತ್ತಿದ್ದಾರೆ. ಅವಳ ಪಕ್ಷದಿಂದ ಹೇಳಿದಾಗ ನನ್ನೆದುರು ಕೂತ ಹೆಂಗಸರು ಸುಮ್ಮನೆ ಕೇಳುತ್ತಾರೆ, ಕೆಲವರು ಅಳುತ್ತಾರೆ.

ನಂಬಿಕೆಯಿಂದ ಮನಸ್ಸಿಗೆ ಉಪಕಾರವೂ ಆಗುತ್ತದೆ ಎಂಬುದಕ್ಕೆ ನಮ್ಮ ನಿಮ್ಹಾನ್ಸ್‌ನವರೇ ಸಾಕ್ಷಿ ಕೊಟ್ಟಿದ್ದಾರೆ. ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ನೋಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಔಷಧಿ ಇಲ್ಲ, ವಿಶೇಷ ವಿಧಿಯೂ ಇಲ್ಲ. ದಿನದ ಪೂಜೆ, ಅಂಗಳ ಗುಡಿಸುವಂಥ ಸಣ್ಣ ಕೆಲಸ, ಜೊತೆಗೆ ಮನೆಯವರು. ರೋಗಲಕ್ಷಣಗಳ ಅಳತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಹೆದರಿಸದ ಆಸರೆಯೇ ಕಾರಣ ಎಂದು ಅವರು ಕಂಡರು. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಗುಣವಾಗಲೆಂದು ಕರೆತಂದವರನ್ನು ಇಟ್ಟುಕೊಂಡಿದ್ದ ಖಾಸಗಿ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಎರಡೂ ಕಡೆ ಜನ ಬಂದದ್ದು ಅದೇ ಭರವಸೆಯಿಂದ. ಒಂದು ಕಡೆ ಅಂಗಳವಿತ್ತು, ಇನ್ನೊಂದು ಕಡೆ ಸರಪಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟುವುದು ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅಪರಾಧ. ಅದು 2020ರ ಜನವರಿಯಿಂದ ಜಾರಿಯಲ್ಲಿದೆ.

ದೇವರನ್ನು ಹೇಗೆ ಕಾಣುತ್ತೇವೆ ಎಂಬುದು ಮೈಯನ್ನೂ ತಾಗುತ್ತದೆ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಬರೆದ ಲೇಖನ ನನ್ನನ್ನು ಬಹಳ ಕಾಡಿದೆ. ದೇವರು ಕೈಬಿಟ್ಟ, ದೇವರು ಶಿಕ್ಷಿಸುತ್ತಿದ್ದಾನೆ ಎಂದು ಒಳಗೇ ಕೊರಗುತ್ತಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಹಾಗಿದ್ದೂ ನಮ್ಮ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆ, ಊಟ, ನಿದ್ದೆ ಎಲ್ಲ ಕೇಳುತ್ತೇವೆ, "ಈ ಕಾಯಿಲೆ ಯಾಕೆ ಬಂತು ಅಂತ ನಿಮಗನಿಸುತ್ತದೆ?" ಎಂದು ಕೇಳುವುದಿಲ್ಲ. ಆ ಒಂದು ಪ್ರಶ್ನೆಗೆ ಸರ್ಪದೋಷ, ತೀರಿಸದ ಹರಕೆ, ಮುಟ್ಟಾದಾಗ ಗುಡಿಯ ಮೆಟ್ಟಿಲು ಹತ್ತಿದ್ದು, ಗರ್ಭ ತೆಗೆಸಿದ್ದು ಹೊರಬೀಳುತ್ತವೆ.

ಗುಣವಾಗುವ ದಾರಿ ಹೇಗಿರುತ್ತದೆ? ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಬರೆದ ಪುಸ್ತಕದಲ್ಲಿ ಆಘಾತದಿಂದ ಚೇತರಿಸಿಕೊಳ್ಳುವವರು ಮೊದಲು ಸುರಕ್ಷಿತ ಜಾಗ, ಆಮೇಲೆ ನೆನಪು ಮತ್ತು ಶೋಕ, ಆಮೇಲೆ ಮತ್ತೆ ಜನರೊಳಗೆ ಬೆರೆಯುವುದು ಎಂಬ ಹಂತಗಳನ್ನು ಹಾಯುತ್ತಾರೆ ಎಂದರು. ನಮ್ಮಲ್ಲಿ ಸುರಕ್ಷಿತ ಜಾಗ ಎಂದರೆ ಬಹುಪಾಲು ದುಡ್ಡು ಮತ್ತು ಸೂರು. ಹೆದರಿಸುವ ಮನೆಯಲ್ಲೇ ಉಣ್ಣಬೇಕಾದವರಿಗೆ ಎಂಥ ಆಪ್ತಸಮಾಲೋಚನೆಯೂ ಅರ್ಧ. ಮಾಜಿ ದೇವದಾಸಿಯರಿಗೆ ಬರುವ ಮಾಸಾಶನವನ್ನು ನಾನು ಮಾನಸಿಕ ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ. ಅದು ತಡವಾದ ತಿಂಗಳು ಭಯ ಮರಳುವುದನ್ನು ಕಂಡಿದ್ದೇನೆ.

ಶೋಕದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಭಯ ಹೋದ ಮೇಲೆ ಸಂತೋಷ ಬರಬೇಕಷ್ಟೆ ಎಂದುಕೊಂಡವರಿಗೆ ಮೊದಲು ಬರುವುದು ದೊಡ್ಡ ಖಾಲಿತನ. ದೇವಿ ಮುನಿಯುವವಳಾಗಿದ್ದಳು, ನಿಜ. ಆದರೆ ಭಾರತ ಹುಣ್ಣಿಮೆಗೆ ಗುಡ್ಡ ಹತ್ತುವಾಗಿನ ಸಂಗಾತ, "ಉಧೋ ಉಧೋ" ಎನ್ನುವ ಸಾವಿರ ಕೊರಳು, ಪಡ್ಡಲಗಿ ತುಂಬಿಸುವ ಓರಗಿತ್ತಿಯರು, ಕಷ್ಟ ಹೇಳಿಕೊಳ್ಳಲು ಒಂದು ಹೆಸರು, ಇದೆಲ್ಲ ಅವಳ ಸುತ್ತಲೇ ಇತ್ತು. ಮಠ ಬಿಟ್ಟವರಿಗೂ, ಸಭೆ ಬಿಟ್ಟವರಿಗೂ, ಜಮಾತು ಬಿಟ್ಟವರಿಗೂ ಇದೇ. ಹೋದದ್ದಕ್ಕೆ ಅಳಲು ಬಿಡಬೇಕು. "ಮೂಢನಂಬಿಕೆ ಬಿಟ್ಟಿಯಲ್ಲ, ಮತ್ತೇಕೆ ಅಳು?" ಎನ್ನುವ ವಿಚಾರವಾದಿ ಮಿತ್ರರು ಆ ಹೊತ್ತಿನಲ್ಲಿ ಆಕೆಯನ್ನು ಇನ್ನೊಮ್ಮೆ ಒಂಟಿ ಮಾಡುತ್ತಾರೆ.

ಇಬ್ಬರ ಹೆಸರು ಹೇಳುತ್ತೇನೆ. ಇಬ್ಬರನ್ನೂ ನೀವು ಬಲ್ಲಿರಿ. ಸೀತವ್ವ ಜೋಡಟ್ಟಿ ಏಳನೇ ವಯಸ್ಸಿನಲ್ಲಿ ದೇವಿಗೆ ಬಿಟ್ಟ ಹುಡುಗಿ. ಆ ಪದ್ಧತಿಯಿಂದ ಹೊರಬಂದು, ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ತಮ್ಮಂಥವರನ್ನೇ ಸಂಘಟಿಸಿದರು. ಮುತ್ತು ಕಟ್ಟಿಸಿಕೊಂಡವರೇ ಮನೆಮನೆಗೆ ಹೋಗಿ 'ಕಟ್ಟಬೇಡಿ' ಎಂದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಂಜಮ್ಮ ಜೋಗತಿ ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದು ಮನೆಯಿಂದ ದೂರವಾದವರು. ಬದುಕೇ ಬೇಡವೆನಿಸಿದ ದಿನಗಳನ್ನು ಅವರು ಮುಚ್ಚಿಟ್ಟಿಲ್ಲ. ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯಿಂದ ಕುಣಿತ ಕಲಿತು, ಯಲ್ಲಮ್ಮನ ಕಥೆಯನ್ನೇ ತಲೆಯ ಮೇಲೆ ಹೊತ್ತು ಆಡಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬರು ದೇವಿಯ ಕಟ್ಟನ್ನು ಬಿಚ್ಚಿ ಹೊರಬಂದು ಮೇಲೆದ್ದರು, ಇನ್ನೊಬ್ಬರು ದೇವಿಯನ್ನು ಅಪ್ಪಿಕೊಂಡೇ ಮೇಲೆದ್ದರು. ಇಬ್ಬರಿಗೂ ಸಿಕ್ಕದ್ದು ಜೊತೆಗಾರರು, ಕೈಗೊಂದು ಕೆಲಸ, ತಮ್ಮ ಕಥೆಯನ್ನು ತಾವೇ ಹೇಳುವ ಅವಕಾಶ. ವೈದ್ಯರು, ಕಾರ್ಯಕರ್ತರು, ಸ್ವಾಮಿಗಳು ಯಾರೇ ಆಗಲಿ ಈ ಮೂರನ್ನು ಒದಗಿಸಬಹುದು. ದೇವರನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ನೊಂದವರೇ, ತಮಗೆ ಬೇಕಾದಷ್ಟು ಕಾಲ ತೆಗೆದುಕೊಂಡು, ತೀರ್ಮಾನಿಸಬೇಕು.

ಕೊನೆಗೆ ಒಂದು ಬೇಡಿಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹರಡಿದ್ದು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಆ ಪ್ರಯೋಗ ಕಂಡ ನಾಡಿಗೆ ಇದು ಭಾರವಾಗಲಾರದು: ಸವದತ್ತಿ, ಹುಲಿಗಿಯಂಥ ಕ್ಷೇತ್ರಗಳಲ್ಲಿ ಹುಣ್ಣಿಮೆಯ ಜಾತ್ರೆಗಳ ಕಾಲಕ್ಕೆ ಆ ಕಾರ್ಯಕ್ರಮದಿಂದಲೇ ಒಂದು ಕೋಣೆ ತೆರೆಯಲಿ. ಅಲ್ಲಿ ಉತ್ತರ ಕರ್ನಾಟಕದ ಮಾತು ಬಲ್ಲ ಒಬ್ಬ ಮಹಿಳಾ ಆಪ್ತಸಮಾಲೋಚಕಿ, ಒಬ್ಬ ನರ್ಸ್, ತಾವೇ ಈ ಹಾದಿ ದಾಟಿ ಬಂದ ಇಬ್ಬರು ಹೆಂಗಸರು ಇರಲಿ. ಜಟೆ ತೆಗೆಸಿಕೊಳ್ಳಬೇಕೆಂದವರಿಗೆ ಅಲ್ಲೇ ತೆಗೆಯಲಿ, ಬೇಡವೆಂದವರ ತಲೆಹುಣ್ಣಿಗೆ ಮದ್ದು ಹಚ್ಚಿ ಕಳಿಸಲಿ. ಬಂದವರ ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ, ಮುಂದಿನ ಆರು ತಿಂಗಳು ಮನೆಗೆ ಹೋಗಿ ಬರುವ ಕೆಲಸಕ್ಕೆ ಆಕೆಗೆ ಬೇರೆ ಸಂಭಾವನೆ ಕೊಡಲಿ. ಕ್ಷೇತ್ರಕ್ಕೆ ಹೋಗಲಾರದವರಿಗೆ, ಇಲ್ಲಿ ಕೂತು ಕೇಳುತ್ತಿರುವವರಲ್ಲಿ ಯಾರಿಗಾದರೂ ಬೇಕಾದರೆ ಅವರಿಗೂ, 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ. ಹಗಲುರಾತ್ರಿ, ಉಚಿತವಾಗಿ, ಕನ್ನಡದಲ್ಲಿ ಮಾತಾಡುತ್ತಾರೆ. ಕೋಣೆಯ ಬೇಡಿಕೆಯನ್ನು ಬರೆದು ತಂದಿದ್ದೇನೆ. ಒಪ್ಪುವವರು ಸಭೆ ಮುಗಿದ ಮೇಲೆ ರುಜು ಹಾಕಿ. ಜಿಲ್ಲಾಡಳಿತಕ್ಕೂ ಆರೋಗ್ಯ ಇಲಾಖೆಗೂ ಸಲ್ಲಿಸೋಣ.